ಮಗುವಿನ ಮಾತನ್ನು ಯಾವ ಭಾಷೆಯಲ್ಲಿ ಎಣಿಸುತ್ತೀರಿ?

ಮಲಯಾಳದಲ್ಲಿ ‘ಅವಕಾಶಂ’ ಎಂದರೆ ಹಕ್ಕು. ಕನ್ನಡದ ‘ಅವಕಾಶ’ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ ಎನ್ನುವಂಥದ್ದು. ಮಕ್ಕಳ ಬೆಳವಣಿಗೆಯ ಅಧ್ಯಯನಕ್ಕೆ ಮಗುವನ್ನು ಸೇರಿಸುವಾಗ ಓದಿ ಹೇಳುವ ಸಮ್ಮತಪತ್ರದಲ್ಲಿ ‘ಪಿನ್ಮಾರಾನುಳ್ಳ ಅವಕಾಶಂ’ ಎಂಬ ಮಾತು ಬಂದರೆ ಅದರ ಅರ್ಥ ‘ಬೇಡವೆನಿಸಿದಾಗ ಹಿಂದೆ ಸರಿಯುವುದು ನಿಮ್ಮ ಹಕ್ಕು’ ಎಂದು. ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಪೈವಳಿಕೆಯಲ್ಲೋ ಎಣ್ಮಕಜೆಯಲ್ಲೋ ಕನ್ನಡ ಶಾಲೆಯಲ್ಲಿ ಓದಿದ ತಾಯಿಯ ಕಿವಿಗೆ ಅದು ಅವರು ಕೊಟ್ಟರೆ ಉಂಟು ಎನ್ನುವ ಅನುಕೂಲದಂತೆ ಕೇಳುತ್ತದೆ.

ಇಂಥ ಪದಗಳು ಇನ್ನೂ ಇವೆ. ಮಲಯಾಳದ ‘ರಕ್ತಪರಿಶೋಧನ’ ನಮ್ಮ ರಕ್ತ ಪರೀಕ್ಷೆ. ಅವರ ‘ಪರೀಕ್ಷಣಂ’ ಪ್ರಯೋಗ; ‘ಮರುನ್ನು ಪರೀಕ್ಷಣಂ’ ಎಂದರೆ ಮದ್ದನ್ನು ಜನರ ಮೇಲೆ ಪ್ರಯೋಗಿಸಿ ನೋಡುವುದು. ಕನ್ನಡ ಕಿವಿ ಎರಡನ್ನೂ ಅದಲು ಬದಲು ಮಾಡಿಕೊಳ್ಳುತ್ತದೆ. ಪರಿಶೋಧನ ಎಂದಾಗ ಯಾವುದೋ ಲೆಕ್ಕ ತನಿಖೆ ಎಂದು ಹೆದರಿಕೆ, ಪರೀಕ್ಷಣಂ ಎಂದಾಗ ಬರೀ ಪರೀಕ್ಷೆಯಲ್ಲವೇ ಎಂಬ ಸಮಾಧಾನ. ‘ಸೌಜನ್ಯ’ ಅಂತೂ ಸರಿಯೇ ಸರಿ: ಅಲ್ಲಿ ಅದು ಉಚಿತ, ಇಲ್ಲಿ ಒಳ್ಳೆಯ ನಡತೆ. ಪೂರಾ ತಿಳಿಯದ ಭಾಷೆಯಾದರೆ ಮನುಷ್ಯ ‘ಗೊತ್ತಾಗಲಿಲ್ಲ’ ಎನ್ನುತ್ತಾನೆ. ಅರ್ಧ ತಿಳಿಯುವ ಅಕ್ಕಪಕ್ಕದ ಭಾಷೆಯಲ್ಲಿ ‘ಮನಸ್ಸಿಲಾಯೋ’ (ಅರ್ಥವಾಯಿತೇ) ಎಂದು ಕೇಳಿದರೆ ತಲೆ ತಾನಾಗಿ ಆಡುತ್ತದೆ. ಆ ತಲೆಯಾಡಿಸುವಿಕೆಯೇ ಕಡತದಲ್ಲಿ ಒಪ್ಪಿಗೆಯಾಗಿ ಉಳಿಯುವುದು.

ಮನೆಗೆ ಬರುವವರೆಲ್ಲರೂ ನಮ್ಮ ಜನರ ಬಾಯಲ್ಲಿ ‘ಸರ್ವೆಯವರು’. ಪಂಚಾಯತಿನಿಂದ ಬಂದವರೂ ಸರ್ವೆಯವರೇ, ವಿಶ್ವವಿದ್ಯಾಲಯದಿಂದ ಪಿಎಚ್‌ಡಿಗೆ ಬಂದವರೂ ಸರ್ವೆಯವರೇ. ಆದರೆ ಮನೆಯವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ. ಒಂದು, ಮಗುವಿಗೆ ಸಿಗಬೇಕಾದ ಸೇವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ, ಬೆಳವಣಿಗೆಯಲ್ಲಿ ತೊಂದರೆ ಕಂಡ ಮಕ್ಕಳನ್ನು ನೋಡಿಕೊಳ್ಳುವ ಅದರಡಿಯ ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರ, ಅಂಗನವಾಡಿಯ ತೂಕದ ದಾಖಲೆ ಇವೆಲ್ಲ ಈ ಸಾಲಿನವು. ಇನ್ನೊಂದು, ಸವಲತ್ತಿನ ಪಟ್ಟಿಗೆ ಹೆಸರು ಸೇರಿಸುವ ಮೆಡಿಕಲ್ ಕ್ಯಾಂಪ್. ಮೂರನೆಯದು ಸಂಶೋಧನೆ. ಇದರ ಫಲ ಮುಖ್ಯವಾಗಿ ತಿಳಿವಳಿಕೆಗೆ, ಮುಂದೆ ಹುಟ್ಟುವ ಮಕ್ಕಳಿಗೆ. ಈ ಮಗುವಿಗೆ ನೇರ ಲಾಭ ಇರಬಹುದು, ಇಲ್ಲದೆಯೂ ಇರಬಹುದು.

ಕಾಸರಗೋಡಿನಲ್ಲಿ ಈ ಗಂಟು ಬಿಗಿಯಾಗಲು ಕಾರಣ ಎಲ್ಲರಿಗೂ ಗೊತ್ತು. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ನೆಲ ಇದು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರುಗಳಿಗೆ ಎಷ್ಟೋ ತಂಡಗಳು ಬಂದು ಹೋಗಿವೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಇಲ್ಲಿ ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ತೋಟದ ಬುಡದ ಊರಿನ 10ರಿಂದ 19 ವರ್ಷದ 117 ಹುಡುಗರನ್ನು, ಸಿಂಪಡಣೆಯ ಹಿನ್ನೆಲೆ ಇಲ್ಲದ 90 ಹುಡುಗರೊಂದಿಗೆ ಹೋಲಿಸಿದ ಆ ಅಧ್ಯಯನ, ವಿಷಕ್ಕೆ ಒಡ್ಡಿಕೊಂಡ ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿರಬಹುದು ಎಂಬುದರತ್ತ ಬೊಟ್ಟು ಮಾಡಿತು. ಅದರಲ್ಲಿ ಆ 90 ಮಂದಿಯ ಪಾತ್ರವನ್ನು ಯಾರೂ ನೆನೆಯುವುದಿಲ್ಲ. ಏನೂ ತೊಂದರೆ ಇಲ್ಲದ ಹುಡುಗರು ರಕ್ತ ಕೊಟ್ಟು, ಸಂಕೋಚವಾಗುವಂಥ ದೇಹ ತಪಾಸಣೆಗೂ ಒಪ್ಪಿದ್ದರಿಂದಲೇ ಹೋಲಿಕೆ ಸಾಧ್ಯವಾಯಿತು. ‘ನಮ್ಮ ಮಗು ಸರಿಯಾಗಿಯೇ ಇದೆಯಲ್ಲ, ನಮ್ಮಲ್ಲಿಗೇಕೆ ಬಂದಿರಿ’ ಎಂಬ ಪ್ರಶ್ನೆಗೆ ಉತ್ತರ ಇದೇ.

ಆದರೆ ಇಂಥ ಊರಿನಲ್ಲಿ ಸಹಿ ಕೇಳಿದಾಗ ಮನೆಯವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಬೇರೆ: ‘ಇದರಲ್ಲಿ ಹೆಸರು ಬಂದರೆ ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿ ಬರುತ್ತದೆಯೇ?’ ಬರುವುದಿಲ್ಲ. ಸಂಶೋಧನೆಯ ಅಂಕ ವೈದ್ಯಕೀಯ ಮಂಡಳಿಯ ತೀರ್ಮಾನ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಡಿ ಸಿಗುವ ಪ್ರಮಾಣಪತ್ರಕ್ಕೆ ಅದರದೇ ದಾರಿ ಇದೆ. ಅಧ್ಯಯನದ ಹಾಳೆ ಅಲ್ಲಿ ನಡೆಯದು. ಸೇರದೆ ಇದ್ದರೆ ಬೌದ್ಧಿಕ ತೊಂದರೆಯ ಮಕ್ಕಳಿಗೆಂದು ಇರುವ ಬಡ್ಸ್ ಶಾಲೆಯ ಸೀಟಿಗೋ ಪಿಂಚಣಿಗೋ ಕುತ್ತು ಬರುವುದೂ ಇಲ್ಲ, ಬರಕೂಡದು. ಇದನ್ನು ಬಾಯಿ ಬಿಟ್ಟು ಹೇಳದ ತಂಡ, ಮನೆಯವರ ತಪ್ಪು ನಿರೀಕ್ಷೆಯ ಮೇಲೆಯೇ ಸಹಿ ಪಡೆದಂತೆ. ಮೋಸ ಮಾಡಬೇಕೆಂದಿಲ್ಲ, ಸುಮ್ಮನಿದ್ದರೆ ಸಾಕು.

ನಿಯಮ ಏನು ಹೇಳುತ್ತದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿ ಇದೆ. ಅದೇ ವರ್ಷ ಮಕ್ಕಳ ಮೇಲಿನ ಸಂಶೋಧನೆಗೆಂದೇ ಪ್ರತ್ಯೇಕವಾಗಿ ಇನ್ನೊಂದು ಬಂತು. ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಆ ಭಾಷಾಂತರಕ್ಕೂ ಸಂಶೋಧನೆಯನ್ನು ಮೊದಲೇ ಪರಿಶೀಲಿಸುವ ನೈತಿಕ ಸಮಿತಿಯ ಮಂಜೂರಾತಿ ಬೇಕು. ಸರಕಾರದೊಂದಿಗೆ ವ್ಯವಹರಿಸಲು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡಕ್ಕೆ ಜಾಗ ಕೊಟ್ಟದ್ದುಂಟು. ಆದರೆ ಇಲ್ಲಿ ಅದನ್ನು ಎಳೆದು ತರುವ ಅಗತ್ಯವೇ ಇಲ್ಲ. ಕನ್ನಡ ಪ್ರತಿ ಕೇಳುವುದು ಭಾಷಾ ಹೋರಾಟವಲ್ಲ, ಸಂಶೋಧನೆಯ ನಿಯಮವನ್ನು ಅವರಿಗೇ ನೆನಪಿಸುವುದು, ಅಷ್ಟೇ.

ಓದಲು ಬಾರದವರಿಗೆ ಎಲ್ಲವನ್ನೂ ಓದಿ ಹೇಳಬೇಕು. ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಕೂತಿದ್ದು ಸಹಿ ಹಾಕಬೇಕು. ಕೊನೆಗೆ ಕರೆದು ಹೆಬ್ಬೆಟ್ಟಿನ ಪಕ್ಕ ಸಹಿ ಹಾಕಿಸುವುದಲ್ಲ. ಅಪಾಯ ತೀರಾ ಕಡಿಮೆ ಇರುವ ಅಧ್ಯಯನಕ್ಕೆ ಸಾಮಾನ್ಯವಾಗಿ ತಂದೆ ತಾಯಿಯರಲ್ಲಿ ಒಬ್ಬರ ಒಪ್ಪಿಗೆ ಸಾಕು. ಅಪಾಯ ಹೆಚ್ಚಿದ್ದರೆ, ಅಥವಾ ಮಗುವಿಗೆ ಲಾಭವೇ ಇಲ್ಲದಿದ್ದರೆ ಇಬ್ಬರದೂ ಬೇಕಾಗಬಹುದು. ಗಂಡ ಗಲ್ಫಿನಲ್ಲಿರುವ ಮನೆಗಳಲ್ಲಿ ಇದನ್ನು ಮೊದಲೇ ಕೇಳಿಟ್ಟುಕೊಂಡರೆ ಒಳ್ಳೆಯದು. ಸಹಿಯಾದ ಪ್ರತಿಯೊಂದು ಮನೆಯಲ್ಲಿ ಉಳಿಯಬೇಕು. ಅದರಲ್ಲಿ ಮುಖ್ಯ ಸಂಶೋಧಕರ ಮತ್ತು ನೈತಿಕ ಸಮಿತಿಯ ಕಾರ್ಯದರ್ಶಿಯ ಸಂಪರ್ಕ ಇರಬೇಕು. ಇವೆರಡೂ ಇಲ್ಲದ ಕಾಗದಕ್ಕೆ ಸಹಿ ಹಾಕಬೇಡಿ. ದಾರಿ ಖರ್ಚು, ಆ ದಿನದ ಕೂಲಿ ಕೊಡಬಹುದು. ಮಗುವನ್ನು ಸೇರಿಸಿದ್ದಕ್ಕೆಂದು ಹೆತ್ತವರಿಗೆ ಹಣ ಕೊಡುವಂತಿಲ್ಲ.

ಶಾಲೆಯಲ್ಲಿ ನಡೆಯುವ ಅಧ್ಯಯನಗಳಲ್ಲಿ ತಪ್ಪುವುದು ಇನ್ನೊಂದು ಕಡೆ. ಹೆಡ್‌ಮಾಸ್ಟರ ಅನುಮತಿ ಶಾಲೆಯ ಗೇಟಿನ ಒಳಗೆ ಬರಲು ಮಾತ್ರ. ಪಿಟಿಎ ಸಭೆಯಲ್ಲಿ ‘ಯಾರಿಗಾದರೂ ಆಕ್ಷೇಪ ಉಂಟಾ’ ಎಂದು ಕೇಳಿದ್ದೂ, ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಬೇಡದವರು ತಿಳಿಸಿ’ ಎಂದು ಹಾಕಿದ್ದೂ ಹೆತ್ತವರ ಒಪ್ಪಿಗೆ ಆಗುವುದಿಲ್ಲ.

ಈಗ ಅಳತೆಯ ವಿಚಾರ. ದೇಹದ ಅಳತೆಗೆ ಭಾಷೆ ಬೇಡ, ಕೈ ಪಳಗಿರಬೇಕು. ಎರಡು ವರ್ಷದ ಒಳಗಿನ ಮಗುವಿನ ಉದ್ದವನ್ನು ಮಲಗಿಸಿ ಅಳೆಯಬೇಕು, ಅದಕ್ಕೆ ಇಬ್ಬರು ಬೇಕು: ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿದರೆ ಇನ್ನೊಬ್ಬರು ಮೊಣಕಾಲು ಒತ್ತಿ ಪಾದದ ಹಲಗೆ ಸರಿಸುತ್ತಾರೆ. 0.1 ಸೆಂಟಿಮೀಟರ್ ತನಕ ಬರೆಯುತ್ತಾರೆ, ಎರಡೆರಡು ಸಲ ಅಳೆಯುತ್ತಾರೆ. ‘ಒಮ್ಮೆ ಆಯಿತಲ್ಲ’ ಎಂದು ಅವಸರಿಸಬಾರದು. ತೋಳಿನ ಸುತ್ತಳತೆ 6 ತಿಂಗಳಿಂದ 5 ವರ್ಷದೊಳಗಿನ ಮಗುವಿನಲ್ಲಿ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಸಂಶೋಧನೆ ಎಂದು ಅಂಕಿ ಬರೆದುಕೊಂಡು ಹೊರಡುವಂತಿಲ್ಲ, ಆ ಮಗುವನ್ನು ಚಿಕಿತ್ಸೆಗೆ ಕಳಿಸಲೇಬೇಕು.

ಹೆರಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಆಗಿದ್ದರೆ ಅಲ್ಲಿಯ ಡಿಸ್ಚಾರ್ಜ್ ಹಾಳೆ ಹುಡುಕಿ ಇಟ್ಟುಕೊಳ್ಳಿ. ಅದರಲ್ಲಿ ಗರ್ಭದ ವಾರ ಎಷ್ಟು ಎಂದು ಇರುತ್ತದೆ. 32 ವಾರಕ್ಕೆ ಹುಟ್ಟಿದ ಮಗು 8 ವಾರ ಮೊದಲೇ ಬಂದದ್ದು. ಅದಕ್ಕೆ 10 ತಿಂಗಳಾದಾಗ 8 ತಿಂಗಳ ಮಗುವಿನ ಸಾಲಿನಲ್ಲಿ ಇಟ್ಟು ನೋಡಬೇಕು. 2 ವರ್ಷದವರೆಗೆ ಈ ತಿದ್ದುಪಡಿ ಬೇಕು. ಆ ಒಂದು ಹಾಳೆ ಇಲ್ಲದೆ ಸರಿಯಾಗಿಯೇ ಬೆಳೆಯುತ್ತಿರುವ ಮಗು ‘ಹಿಂದುಳಿದ’ ಮಗುವಾಗಿಬಿಡುತ್ತದೆ.

ಬೆಳವಣಿಗೆಯ ಮಾಪನಗಳು ಹಲವು. ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್ ರೂಪಿಸಿದ ಟಿಡಿಎಸ್‌ಸಿ ಚಾರ್ಟಿನಲ್ಲಿ 2 ವರ್ಷದೊಳಗಿನವರಿಗೆ 17 ಅಂಶಗಳು. ಮಗುವಿನ ಪ್ರಾಯದ ಗೆರೆಯ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಡಬೇಕು. ಅದರ ಎಡಕ್ಕೆ ಪೂರ್ತಿ ಸರಿದುಹೋದ ಅಂಶವನ್ನು ಮಗು ಇನ್ನೂ ಮಾಡದಿದ್ದರೆ ತಡ ಎಂದು ಲೆಕ್ಕ. ಐದು ನಿಮಿಷದ ಕೆಲಸ. ಬರೋಡಾ ಮೂಲದ ಡಿಎಎಸ್‌ಐಐ ಎಂಬ ಮಾಪನ ಹಾಗಲ್ಲ. 30 ತಿಂಗಳವರೆಗಿನ ಮಕ್ಕಳಿಗೆ ಚಲನೆಯ 67, ಬುದ್ಧಿಯ 163 ಅಂಶಗಳು. ಪೆಟ್ಟಿಗೆಯ ಸಾಮಾನು ಬೇಕು, ತರಬೇತಾದವರೇ ಬೇಕು. ಹೆತ್ತವರು ತುಂಬುವ ಎಎಸ್‌ಕ್ಯೂ ಪ್ರಶ್ನಾವಳಿಯಲ್ಲಿ ಐದು ವಿಭಾಗ, ವಿಭಾಗಕ್ಕೆ ಆರು ಪ್ರಶ್ನೆ. ‘ಹೌದು’ ಎಂದರೆ 10, ‘ಕೆಲವೊಮ್ಮೆ’ಗೆ 5, ‘ಇನ್ನೂ ಇಲ್ಲ’ಕ್ಕೆ 0. ಆರು ಪ್ರಶ್ನೆಗಳಲ್ಲಿ ಎರಡು ಅರ್ಥವಾಗದೆ ಹೋದರೆ 60ರಲ್ಲಿ 20 ಅಂಕ ಮಾಯ. ಮಗು ಕಳೆದುಕೊಂಡದ್ದಲ್ಲ, ಪ್ರಶ್ನೆ ಕಳೆದುಕೊಂಡದ್ದು.

ನಮ್ಮ ಗಡಿಯಲ್ಲಿ ಅಧ್ಯಯನ ಎಡವುವುದು ಇಲ್ಲಿಯೇ. ಬೆಕ್ಕನ್ನು ತೋರಿಸಿ ‘ಇದೇನು’ ಎಂದು ಕೇಳುತ್ತಾರೆ ಎನ್ನಿ. ತುಳು ಮನೆಯ ಮಗು ‘ಪುಚ್ಚೆ’ ಎನ್ನುತ್ತದೆ, ಮಲಯಾಳದ ಟೀಚರಿಗೆ ಅದು ‘ಪೂಚ್ಚ’ಕ್ಕೆ ಹತ್ತಿರ, ಅಂಕ ಸಿಕ್ಕೀತು. ಊಟವನ್ನು ತೋರಿಸಿದಾಗ ತುಳು ಮಗು ‘ನುಪ್ಪು’, ಹವ್ಯಕರ ಮಗು ‘ಅಶನ’, ಶಾಲೆ ಕನ್ನಡ ಕಲಿತದ್ದು ‘ಅನ್ನ’, ಹಾಳೆಯಲ್ಲಿರುವುದು ‘ಚೋರ್’. ಮೂರಕ್ಕೂ ಸೊನ್ನೆ. ಹಾಲಿಗೆ ಮಲಯಾಳದಲ್ಲಿ ‘ಪಾಲ್’, ತುಳುವಿನಲ್ಲಿ ‘ಪೇರ್’. ಮೀನಿಗೆ ಮಾತ್ರ ಎಲ್ಲರದೂ ‘ಮೀನ್’. ಅದನ್ನು ಯಾವ ಭಾಷೆಯ ಲೆಕ್ಕಕ್ಕೆ ಬರೆಯುತ್ತೀರಿ? ಇದಕ್ಕೆ ಮೊದಲೇ ಬರೆದಿಟ್ಟ ಉತ್ತರ ಇಲ್ಲದಿದ್ದರೆ ಇಬ್ಬರು ಪರೀಕ್ಷಕರು ಎರಡು ಬಗೆಯಲ್ಲಿ ಎಣಿಸುತ್ತಾರೆ.

ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಮಗು ಒಂದೊಂದು ಭಾಷೆಯಲ್ಲೂ ಒಂದೇ ಭಾಷೆಯ ಮಗುವಿಗಿಂತ ಕಡಿಮೆ ಪದ ಬಲ್ಲುದು. ಎಲ್ಲ ಸೇರಿಸಿದರೆ ಕಡಿಮೆಯೇನಲ್ಲ. ವರ್ಷದ ಆಸುಪಾಸಿಗೆ ಮೊದಲ ಮಾತು, ಎರಡರ ಹೊತ್ತಿಗೆ ಎರಡು ಪದ ಜೋಡಿಸುವುದು ಎಂಬ ಮೈಲಿಗಲ್ಲುಗಳು ಬಹುಭಾಷೆಯ ಮನೆಯಲ್ಲೂ ಹೆಚ್ಚುಕಡಿಮೆ ಅದೇ ಸಮಯಕ್ಕೆ ಬರುತ್ತವೆ. ಹಾಗಾಗಿ ಎಣಿಕೆಯ ಬಗೆ ಮುಖ್ಯ. ಲೆಕ್ಕಕ್ಕೆಂದು ಒಂದು ಮಗುವನ್ನು ಊಹಿಸಿಕೊಳ್ಳಿ: 100 ವಸ್ತುಗಳ ಪಟ್ಟಿಯಲ್ಲಿ ಮಲಯಾಳದಲ್ಲಿ 20, ತುಳುವಿನಲ್ಲಿ 30, ಕನ್ನಡದಲ್ಲಿ 15 ಗೊತ್ತು. ಒಂದೇ ವಸ್ತುವಿಗೆ ಎರಡು ಭಾಷೆಯ ಹೆಸರು ಬಂದದ್ದನ್ನು ಒಮ್ಮೆ ಮಾತ್ರ ಎಣಿಸಿದರೆ ಮಗು ಹೆಸರಿಸಬಲ್ಲ ವಸ್ತುಗಳು 45 ಆಗಬಹುದು. 20 ಎಂದು ಬರೆದ ಅಧ್ಯಯನ ಅಳೆದದ್ದು ಮಗುವನ್ನಲ್ಲ, ಅದು ಎಷ್ಟು ಹೊತ್ತು ಮಲಯಾಳ ಕೇಳುತ್ತದೆ ಎಂಬುದನ್ನು. ಆದ್ದರಿಂದ ಮಾತಿನ ಪಟ್ಟಿ ಹಿಡಿಯುವ ಮೊದಲು ಒಂದು ಕೆಲಸ ಆಗಬೇಕು: ಬೆಳಗ್ಗಿನಿಂದ ರಾತ್ರಿಯವರೆಗೆ ಮಗು ಯಾರ ಜತೆ ಎಷ್ಟು ಹೊತ್ತು ಯಾವ ಭಾಷೆಯಲ್ಲಿ ಇರುತ್ತದೆ ಎಂದು ಬರೆದುಕೊಳ್ಳುವುದು. ಅಜ್ಜಿಯೊಂದಿಗೆ ತುಳು, ಅಂಗನವಾಡಿಯಲ್ಲಿ ಮಲಯಾಳ, ಮೊಬೈಲಿನಲ್ಲಿ ಇಂಗ್ಲಿಷ್. ‘ಮಾತೃಭಾಷೆ: ಕನ್ನಡ’ ಎಂಬ ಒಂದೇ ಗೆರೆ ಏನನ್ನೂ ಹೇಳುವುದಿಲ್ಲ. ಜನಗಣತಿಗೆ ಕನ್ನಡ ಎಂದು ಬರೆಸುವ ಎಷ್ಟೋ ಮನೆಗಳ ಅಡುಗೆಮನೆ ಭಾಷೆ ಬೇರೆ.

ಭಾಷಾಂತರ ಮಾಡಿದೆವಲ್ಲ ಎಂದು ತಂಡ ಹೇಳಬಹುದು. ಇಂಗ್ಲಿಷಿನಿಂದ ಕನ್ನಡಕ್ಕೆ ಒಬ್ಬರು, ಕನ್ನಡದಿಂದ ತಿರುಗಿ ಇಂಗ್ಲಿಷಿಗೆ ಇನ್ನೊಬ್ಬರು, ಎರಡನ್ನೂ ಹೋಲಿಸುವುದು ರೂಢಿ. ಇದರಿಂದ ಅರ್ಥದ ತಪ್ಪು ಸಿಗುತ್ತದೆ, ಊರಿನ ತಪ್ಪು ಸಿಗುವುದಿಲ್ಲ. ಬೆಂಗಳೂರಿನಲ್ಲಿ ಕೂತು ಬರೆದ ‘ಸೂಕ್ಷ್ಮ ಚಾಲನಾ ಕೌಶಲ’ ತಿರುಗಿ ಇಂಗ್ಲಿಷಿಗೆ ಚೆನ್ನಾಗಿಯೇ ಹೋಗುತ್ತದೆ. ಕುಂಬ್ಡಾಜೆಯಲ್ಲಿ ಬೀಡಿ ಕಟ್ಟುವ ತಾಯಿಗೆ ‘ಎರಡು ಬೆರಳಲ್ಲಿ ಅಕ್ಕಿಕಾಳು ಹೆಕ್ಕುತ್ತದೆಯಾ’ ಎಂದರೆ ಸಾಕಿತ್ತು. ಹೊಟ್ಟೆ ಎಳೆಯುತ್ತ ತೆವಳುವುದು ಒಂದು ಹಂತ, ಅಂಬೆಗಾಲಿಕ್ಕುವುದು ಮುಂದಿನ ಹಂತ. ಎರಡಕ್ಕೂ ‘ಹರಿದಾಡುವುದು’ ಎಂದು ಬರೆದರೆ ಎರಡು ಮೈಲಿಗಲ್ಲು ಒಂದಾಗಿಹೋಗುತ್ತದೆ. ‘ಮೆಟ್ಟಿಲು ಹತ್ತುತ್ತದೆಯೇ’ ಎಂಬುದು ಮೆಟ್ಟಿಲಿಲ್ಲದ ಮನೆಗೆ ಕೇಳುವ ಪ್ರಶ್ನೆಯಲ್ಲ. ಇನ್ನು ‘ಮಗು ತಿರುಗಿ ನೋಡುವುದಿಲ್ಲವೇ’ ಎಂದು ನಕಾರದಲ್ಲಿ ಕೇಳಿದರೆ ನಮ್ಮವರು ‘ಹೌದು’ ಎಂದು ಉತ್ತರಿಸುವುದು ‘ಹೌದು, ನೋಡುವುದಿಲ್ಲ’ ಎಂಬರ್ಥದಲ್ಲಿ. ಹಾಳೆಯಲ್ಲಿ ಬೀಳುವ ಗುರುತು ತಿರುಗುಮುರುಗು ಆಗಬಹುದು. ಆಟಿಸಂ ಶೋಧನೆಯ ಎಂ-ಚಾಟ್‌ನ ಪರಿಷ್ಕೃತ ಪ್ರಶ್ನಾವಳಿಯ 20 ಪ್ರಶ್ನೆಗಳಲ್ಲಿ ಮೂರಕ್ಕೆ ‘ಹೌದು’ ಎಂಬುದೇ ಅಪಾಯದ ಉತ್ತರ, ಉಳಿದ ಹದಿನೇಳಕ್ಕೆ ‘ಇಲ್ಲ’. ಅಲ್ಲಿ ಗುರುತು ತಪ್ಪಿದರೆ ಪರಿಣಾಮ ಸಣ್ಣದಲ್ಲ.

ತುಳುವಿನ ಪಾಡು ಇನ್ನೂ ಕಷ್ಟ. ತುಳುವಿನಲ್ಲಿ ಪ್ರಶ್ನಾವಳಿ ಅಚ್ಚಾಗಿ ಇರುವುದಿಲ್ಲವಾದ್ದರಿಂದ ಕನ್ನಡ ಹಾಳೆ ಕೈಯಲ್ಲಿಟ್ಟುಕೊಂಡು ಬಾಯಲ್ಲಿ ತುಳು ಮಾಡುತ್ತಾರೆ. ಹತ್ತು ಮನೆಗೆ ಹತ್ತು ಬಗೆಯ ತುಳು. ಕನ್ನಡ ಲಿಪಿಯಲ್ಲಿ ತುಳು ವಾಕ್ಯಗಳನ್ನು ಮೊದಲೇ ಬರೆದು ಗಟ್ಟಿ ಮಾಡಿಕೊಂಡರೆ ಮುಗಿಯುವ ಸಮಸ್ಯೆ ಇದು, ಒಂದು ವಾರದ ಕೆಲಸ. ಅದನ್ನು ಮಾಡದಿರುವುದಕ್ಕೆ ಸೋಮಾರಿತನವಲ್ಲದೆ ಬೇರೆ ಕಾರಣ ಕಾಣುವುದಿಲ್ಲ.

ದುಭಾಷಿಯಾಗಿ ಹೆಚ್ಚಾಗಿ ಬರುವವರು ಆಶಾ ಕಾರ್ಯಕರ್ತೆ ಅಥವಾ ಮನೆಯ ದೊಡ್ಡ ಹುಡುಗಿ. ಹುಡುಗಿ ತಮ್ಮನಿಗೆ ಉತ್ತರವನ್ನೇ ಹೇಳಿಕೊಡುತ್ತಾಳೆ. ‘ಚೆಂಡು ಕೊಡು’ ಎಂದು ಬಾಯಲ್ಲಿ ಹೇಳಿ ಕೈಯಲ್ಲಿ ತೋರಿಸಿದರೆ ಅದು ಮಾತಿನ ಪರೀಕ್ಷೆಯಾಗಿ ಉಳಿಯುವುದಿಲ್ಲ. ಆಶಾ ಅದೇ ವಾರ್ಡಿನವರು, ನಂಬಿಕೆಯವರು, ತೊಡಕು ಅದರಲ್ಲಿಯೇ. ಮಕ್ಕಳ ಅಧ್ಯಯನಗಳಲ್ಲಿ ತಾಯಿಯ ಮನಸ್ಸಿನ ಸ್ಥಿತಿಯನ್ನೂ ಕೇಳುತ್ತಾರೆ: ಅಳು ಬರುತ್ತದೆಯೇ, ನಿದ್ರೆ ಇಲ್ಲವೇ, ಮನೆಯಲ್ಲಿ ಹೊಡೆತ ಬಡಿತ ಉಂಟೇ ಎಂದು. ನೆರೆಮನೆಯ ಆಶಾ ಮುಂದೆ, ಅತ್ತೆ ಜಗಲಿಯಲ್ಲಿ ಕೂತಿರುವಾಗ ‘ಏನಿಲ್ಲ, ಎಲ್ಲ ಸರಿ’ ಎಂಬುದಲ್ಲದೆ ಬೇರೆ ಉತ್ತರ ಬಂದೀತೇ? ಆ ಭಾಗವನ್ನು ಒಬ್ಬರೇ ಇದ್ದಾಗ, ತನ್ನ ಭಾಷೆ ಬಲ್ಲ ತಂಡದ ಹೆಣ್ಣುಮಗಳೊಂದಿಗೆ ಮಾತ್ರ ಮಾತಾಡುತ್ತೇನೆ ಎಂದು ತಾಯಿ ಹೇಳಬಹುದು. ಬೇಡದ ಪ್ರಶ್ನೆ ಬಿಟ್ಟು ಮುಂದೆ ಹೋಗಿ ಎಂದೂ ಹೇಳಬಹುದು.

ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಯೋಜನೆಯ ಹಾಳೆಯಲ್ಲೇ ‘ಮಲಯಾಳ ಬಾರದವರನ್ನು ಸೇರಿಸಿಕೊಳ್ಳುವುದಿಲ್ಲ’ ಎಂದು ಬರೆದುಬಿಡುವ ದಾರಿಯೂ ಇದೆ. ಅಳತೆ ತಪ್ಪಾಗುವುದಕ್ಕಿಂತ ಇದು ಪ್ರಾಮಾಣಿಕ ಎಂದು ತೋರಬಹುದು. ಹೆಚ್ಚು ಕೆಡುಕಿನದು ಇದೇ. ತಪ್ಪು ಅಳತೆಯನ್ನು ನಾಳೆ ಯಾರಾದರೂ ಪ್ರಶ್ನಿಸಿಯಾರು. ಲೆಕ್ಕಕ್ಕೇ ಬಾರದ ಮಕ್ಕಳ ಬಗ್ಗೆ ಪ್ರಶ್ನೆಯೇ ಏಳುವುದಿಲ್ಲ. ಜಿಲ್ಲೆಯ ಹೆಸರಿನಲ್ಲಿ ವರದಿ ಬರುತ್ತದೆ, ಮಂಜೇಶ್ವರ ತಾಲೂಕಿನ ಮಕ್ಕಳು ಅದರಲ್ಲಿ ಇರುವುದಿಲ್ಲ. ಇನ್ನೊಂದು ಬಲೆ: ಜಿಲ್ಲೆಯ ದಕ್ಷಿಣಕ್ಕಿರುವ ಹೊಸದುರ್ಗ ತಾಲೂಕಿನ ಮಕ್ಕಳನ್ನು ಅವರದೇ ಭಾಷೆಯವರು, ಮಂಜೇಶ್ವರದ ಮಕ್ಕಳನ್ನು ಭಾಷೆ ತಿಳಿಯದವರು ಪರೀಕ್ಷಿಸಿದರೆ ‘ಉತ್ತರದ ತಾಲೂಕಿನಲ್ಲಿ ಮಾತು ತಡ’ ಎಂಬ ಫಲಿತಾಂಶ ಬರುವುದು ಖಚಿತ. ಅದಕ್ಕೆ ಪರಿಸರವೋ ಪೋಷಣೆಯೋ ಕಾರಣ ಎಂದು ಹುಡುಕುತ್ತಾ ಹೋದರೆ ಸಿಗುವುದು ಏನು? ಮಾತು ತಡ ಎಂದು ಬರೆಯುವ ಮುನ್ನ ಕಿವಿ ಪರೀಕ್ಷೆ ಆಗಿದೆಯೇ ಎಂಬುದನ್ನೂ ಮನೆಯವರು ಕೇಳಬೇಕು. ಕೇಳಿಸದ ಮಗುವಿನ ಮೇಲೆ ಭಾಷೆಯ ಅಳತೆಪಟ್ಟಿ ಹಿಡಿದು ಪ್ರಯೋಜನವಿಲ್ಲ.

ಗುಟ್ಟಿನ ವಿಷಯದಲ್ಲಿ ಎರಡು ಮಾತು. ಹೆಸರಿನ ಬದಲು ಸಂಖ್ಯೆ ಹಾಕುತ್ತಾರೆ, ಹೆಸರು ಸಂಖ್ಯೆಗಳ ಪಟ್ಟಿ ಬೇರೆಡೆ ಇರುತ್ತದೆ. ಆದರೆ ‘ಬೆಳ್ಳೂರು ಪಂಚಾಯತು, ಮನೆಮಾತು ಮರಾಠಿ, ಅವಳಿ ಮಕ್ಕಳು’ ಎಂದು ವರದಿಯಲ್ಲಿ ಬರೆದರೆ ಊರಿನವರಿಗೆ ಹೆಸರು ಬೇಕೇ? ವೀಡಿಯೊ ಮಾಡುವುದಾದರೆ ಅದಕ್ಕೆ ಪ್ರತ್ಯೇಕ ಒಪ್ಪಿಗೆ ಕೇಳಬೇಕು. ತಂಡದವರ ಸ್ವಂತ ಮೊಬೈಲಿನಲ್ಲಿ ಅಲ್ಲ ಎಂದು ಹಟ ಹಿಡಿಯಿರಿ. ರಕ್ತದ ಮಾದರಿ ಎಷ್ಟು ವರ್ಷ ಇಡುತ್ತಾರೆ, ಹಿಂದೆ ಸರಿದರೆ ಅದನ್ನು ನಾಶ ಮಾಡುತ್ತಾರೆಯೇ, ಆವರೆಗೆ ತೆಗೆದ ಮಾಹಿತಿ ಏನಾಗುತ್ತದೆ ಎಂಬುದೆಲ್ಲ ಮಾಹಿತಿ ಪತ್ರದಲ್ಲೇ ಇರಬೇಕಾದ ಸಂಗತಿಗಳು.

ವರ್ಷಗಟ್ಟಲೆ ನಡೆಯುವ ಅಧ್ಯಯನದಲ್ಲಿ 6ನೆಯ, 12ನೆಯ ತಿಂಗಳ ಭೇಟಿಗೆ ಕೆಲವೇ ದಿನಗಳ ಗಡುವು ಇರುತ್ತದೆ. ನಮ್ಮಲ್ಲಿ ತಾಯಿ ಬಾಣಂತನಕ್ಕೆ ವಿಟ್ಲಕ್ಕೋ ಪುತ್ತೂರಿಗೋ ಸುಳ್ಯಕ್ಕೋ ತವರಿಗೆ ಹೋದರೆ ಜಿಲ್ಲೆ ಮಾತ್ರವಲ್ಲ, ರಾಜ್ಯವೇ ಬದಲು. ಗಡಿ ದಾಟಿ ಬರಲು ತಂಡಕ್ಕೆ ಅನುಮತಿ ಉಂಟೇ, ಫೋನಿನಲ್ಲಿ ಕೇಳಬಹುದಾದ ಭಾಗ ಯಾವುದು ಎಂದು ಸೇರುವಾಗಲೇ ಮಾತಾಡಿಕೊಂಡರೆ ಮಗು ನಡುವೆ ಕಳಚಿಕೊಳ್ಳುವುದು ತಪ್ಪುತ್ತದೆ. ತವರಿಗೆ ಹೋಗುವವರೇ ಹೆಚ್ಚಾಗಿ ಕನ್ನಡ, ತುಳು ಮನೆಯವರಾದರೆ ಕೊನೆಗೆ ಉಳಿಯುವ ಲೆಕ್ಕದಲ್ಲಿ ಅವರೇ ಕಡಿಮೆ.

ಇನ್ನು ಮಗುವಿನ ಸ್ವಂತ ಒಪ್ಪಿಗೆ. ಐಸಿಎಂಆರ್ ಪ್ರಕಾರ 7ರಿಂದ 12 ವರ್ಷದವರೆಗೆ ಮಗುವಿನ ಬಾಯಿಮಾತಿನ ಸಮ್ಮತಿ, 12ರಿಂದ 18ರವರೆಗೆ ಬರಹದ ಸಮ್ಮತಿ ಬೇಕು. ಹೆತ್ತವರ ಸಹಿ ಇದ್ದರೂ ಇದು ಬೇಕೇ ಬೇಕು. 18 ತುಂಬಿದಾಗ ಹೊಸದಾಗಿ ಅವರದೇ ಒಪ್ಪಿಗೆ. ಆರು ತಿಂಗಳ ಕೂಸಾಗಿದ್ದಾಗ ತಾಯಿ ಕನ್ನಡ ಹಾಳೆ ಓದಿ ಸಹಿ ಹಾಕಿದ್ದಳು. ಈಗ ಮಗು ಎರಡನೆಯ ತರಗತಿ, ಕುಂಬಳೆಯ ಇಂಗ್ಲಿಷ್ ಮೀಡಿಯಂ ಶಾಲೆ, ಗೆಳೆಯರೊಂದಿಗೆ ಮಲಯಾಳ, ಕನ್ನಡ ಅಕ್ಷರ ಇನ್ನೂ ಗುರುತಿಲ್ಲ. ಈ ಸಲ ತಂಡದವರು ಚೀಲದಿಂದ ಹೊರತೆಗೆಯಬೇಕಾದದ್ದು ತಾಯಿಯ ಭಾಷೆಯ ಹಾಳೆಯನ್ನಲ್ಲ.